ಎರಡು ಬೆರಳು ಹೆಚ್ಚು

ನಲವತ್ತೆರಡು ವರ್ಷದ ಹಿಂದೆ ಮಣ್ಣಾದ ಧಣಿ
ಇವತ್ತು ರಾತ್ರಿ ಎಂಟೂಕಾಲಿಗೆ ಮಾತಾಡುತ್ತಾನೆ.
ಮುಖ ಹಳೆಯ ಫೋಟೋಗಳದ್ದು,
ದನಿ ಕಂಪ್ಯೂಟರು ಹೊಲಿದದ್ದು,
ಕುತ್ತಿಗೆಯಿಂದ ಕೆಳಕ್ಕೆಲ್ಲ ನಾನು.

ಇಲಿದಿಯೊ, ನಾಟಕದವನು. ಸದ್ಯಕ್ಕೆ ನಾಟಕವಿಲ್ಲ.
ಪೋರ್ತೊದ ಒಂದು ಗೋದಾಮಿನಲ್ಲಿ ಎರಡು ದಿನ
ಕಪ್ಪು ಪರದೆಯ ಮುಂದೆ ನಿಲ್ಲಿಸಿ
ನಡೆಸಿದರು, ತಿರುಗಿಸಿದರು, ಕೋಟಿನ ಗುಂಡಿ ಹಾಕಿಸಿದರು.
'ಕೈ ಚಾಚಿ, ಇಡೀ ಕಂಪನಿಯನ್ನೇ ತಬ್ಬಿಕೊಳ್ಳೋ ಹಾಗೆ.'
ಕಂಪನಿಯನ್ನು ನಾನು ಕಂಡವನಲ್ಲ. ಗಾಳಿಯನ್ನು ತಬ್ಬಿದೆ.
ಕೂಲಿ ಪರವಾಗಿಲ್ಲ. ಮನೆ ಬಾಡಿಗೆ ಕಟ್ಟಿದೆ.

ಮಾತೊಸಿನ್ಯೋಸ್. ಬಂದರಿನ ಪಕ್ಕದ ಹೊಸ ಸಭಾಂಗಣ.
ಬೂತಾಯಿ ಡಬ್ಬಿಯ ಕಾರ್ಖಾನೆಗೆ ನೂರು ತುಂಬಿದೆ,
ಪ್ರತಿ ಕುರ್ಚಿಯ ಮೇಲೂ ಚಿನ್ನದ ಬಣ್ಣದ ಒಂದು ಡಬ್ಬಿ.
ವೇದಿಕೆಗೆ ಓರೆಯಾಗಿ ಬಿಗಿದ ಹಾಳೆ
ಈರುಳ್ಳಿ ಪೊರೆಗಿಂತ ತೆಳು;
ವಾನಿಯಾ ಬರಿ ಕಾಲುಚೀಲದಲ್ಲಿ ಸುತ್ತಿ ಸುತ್ತಿ
ಹಿಡಿಕೆ ತಿರುವಿ ಸುಕ್ಕು ತೆಗೆಯುತ್ತಾಳೆ.
'ಇಲ್ಲೊಂದು ಗೆರೆ ಉಳಿದರೆ ಸತ್ತವರ ಮೂಗು ಸೊಟ್ಟ' ಅನ್ನುತ್ತಾಳೆ.
ಮೊದಲ ಮೂರು ಸಾಲು ಖಾಲಿ ಬಿಟ್ಟಿದ್ದಾರೆ:
ತೀರಾ ಹತ್ತಿರದವರಿಗೆ ಧಣಿ ಕಾಣುವುದಿಲ್ಲ.

ದೀಪ ಆರಿತು.
ಇಲ್ಲದ ಬಾಗಿಲಿನಿಂದ ಬೆಲ್ಮಿರೊ ಬಂದ,
ನನ್ನ ನಡಿಗೆ, ನನ್ನ ಎಡಮಂಡಿಯ ಸಣ್ಣ ಕುಂಟು.
'ನನ್ನ ಮಕ್ಕಳೇ' ಅಂದ. ಹುಯಿಲೆದ್ದಿತು. ಮೊಮ್ಮಗ ಕಣ್ಣೊರೆಸಿಕೊಂಡ.
ಷೇರಿನ ಮಾತಾಡಿದ, ಹೊಸ ಮಾರುಕಟ್ಟೆಯ ಮಾತಾಡಿದ,
ಸಾಯುವಾಗ ಅವನಿಗೆ ಗೊತ್ತೇ ಇರದ ದೇಶಗಳ ಹೆಸರು ಹೇಳಿ
ಕೈ ಚಾಚಿದ.

ನನ್ನ ಮುಂದಿನ ಕುರ್ಚಿಯಲ್ಲಿ ಒಬ್ಬ ಮುದುಕಿ.
ಎದೆಯ ಚೀಟಿಯಲ್ಲಿ 'ಎರ್ಮೆಲಿಂದಾ, ಪ್ಯಾಕಿಂಗ್, ನಿವೃತ್ತ'.
ಒಂದು ಡಬ್ಬಿಗೆ ಆರರಂತೆ
ಮೂವತ್ತೊಂದು ವರ್ಷ ಮೀನು ಎಣಿಸಿದ ಕಣ್ಣು.
'ಹತ್ತಿದೆ' ಅಂದಳು, ಜೋರಾಗಿಯೇ.
'ಆ ಕೈಗೆ ಎಂಟೇ ಇದ್ದದ್ದು.'
ಪಕ್ಕದ ಮಗಳು ಶ್ಶ್ ಅಂದಳು.
'ಏನು ಶ್ಶ್? ಮುಚ್ಚಳ ಒತ್ತೋ ಯಂತ್ರಕ್ಕೆ
ಹನ್ನೊಂದು ಹುಡುಗೀರ ಬೆರಳು ಹೋಯ್ತು. ನನ್ನ ಅತ್ತಿಗೇದೂ ಸೇರಿ.
ಹೆದರ್ಬೇಡ್ರೇ, ನೋಡಿ ಹೀಗೆ, ಅಂತ ತೋರಿಸೋಕೆ ಬಂದ ಇವನು.
ಎರಡು ಹೋಯ್ತು.
ಮಾರನೇ ಸೋಮವಾರ ಯಂತ್ರಕ್ಕೆ ಜಾಲರಿ ಬಂತು.'
ಸ್ವಲ್ಪ ಹೊತ್ತು ಸುಮ್ಮನಿದ್ದಳು.
'ಫೋಟೋದಲ್ಲೆಲ್ಲ ಕೈ ಜೇಬಲ್ಲೇ ಇರ್ತಿತ್ತು, ಮಹಾರಾಯನದು.'

ನಾನು ನನ್ನ ಬಲಗೈ ನೋಡಿಕೊಂಡೆ.
ತೋರುಬೆರಳು. ನಡುಬೆರಳು.
ಅಲ್ಲಿ ವೇದಿಕೆಯ ಮೇಲೆ
ಬೆಳಕು ತುಂಬಿ ನಿಂತಿದ್ದವು ಅವೇ ಎರಡು,
ಜಾಲರಿಯೇ ಬೇಕಾಗದಿದ್ದ ಹಾಗೆ.

ಅವಳ ಭುಜ ಮುಟ್ಟಿ ಹೇಳಬೇಕೆನ್ನಿಸಿತು, ಅವು ನನ್ನವು ಅಂತ.
ಒಪ್ಪಂದದಲ್ಲಿ ಬಾಯಿ ಮುಚ್ಚಿಕೊಂಡಿರುವ ಕಲಮು ಒಂದಿದೆ.
ಅಷ್ಟೇ ಅಲ್ಲ, ಹೇಳಿದ ಮೇಲೆ ಏನು?
ಚಪ್ಪಾಳೆ ಬಿತ್ತು, ನಾನೂ ತಟ್ಟಿದೆ,
ಧಣಿ ಬಾಗಿದ. ಬಾಗುವುದು ಹನ್ನೆರಡನೇ ಸಲಕ್ಕೆ ಸರಿ ಬಂದಿತ್ತು ನನಗೆ.
ವಾನಿಯಾ ಗುಂಡಿ ಒತ್ತಿದಳು.

ಈಗ ಮನೆ. ರಾತ್ರಿ ಒಂದು ಗಂಟೆ.
ಮೇಜಿನ ಮೇಲೆ ಚಿನ್ನದ ಡಬ್ಬಿ.
ಎರಡು ಬೆರಳು ಮಡಚಿಟ್ಟುಕೊಂಡು
ಹೆಬ್ಬೆರಳು, ಉಂಗುರಬೆರಳಿನ ನಡುವೆ ಕೊಂಡಿ ಹಿಡಿದು ಎಳೆಯುತ್ತೇನೆ.
ಜಾರುತ್ತದೆ. ಮತ್ತೆ ಎಳೆಯುತ್ತೇನೆ.
ಮುಚ್ಚಳ ಸುರುಳಿಯಾಗಿ ಬಂತು, ಅರ್ಧ ಎಣ್ಣೆ ಅಂಗಿಯ ಮೇಲೆ.
ಎಣಿಸಿದೆ.
ಐದೇ ಮೀನು.