ಈ ನಮೂನೆಯಲ್ಲಿ ಲಭ್ಯವಿಲ್ಲ

ನಮ್ಮ ತೋಟದಲ್ಲಿ ಮಳೆಗೊಂದು ಪುಸ್ತಕವಿದೆ.
ಬೆಳಗ್ಗೆ ಎಂಟಕ್ಕೆ ಅಳತೆಯ ಗಾಜನ್ನು ಕಣ್ಣಿನ ಮಟ್ಟಕ್ಕೆ ಹಿಡಿದು
ಇಂಚು, ಸೆಂಟು ಬರೆಯಬೇಕು.
ನನಗಿಂತ ಮೊದಲು ನಾಲ್ವರು ಬರೆದಿದ್ದಾರೆ,
ಒಬ್ಬನ ಅಕ್ಷರ ಜಿಗಣೆಯ ಹಾಗೆ.
ಅರವತ್ತೊಂದರ ಜುಲೈ ಏಳರಂದು
ಸಿದ್ದಾಪುರದ ಈ ಬದಿಯಲ್ಲಿ ಎಷ್ಟು ಬಿತ್ತು, ಕೇಳಿ:
ಆರು ಇಂಚು ನಲವತ್ತು ಸೆಂಟು.
ನಿಂತಲ್ಲೇ ಹೇಳುತ್ತೇನೆ.

ಲೈನ್ ಮನೆಯ ಎರವರ ತೋಲ
ಜಾಮೀನು ಸಿಕ್ಕಿದ ಮೇಲೂ ಎಷ್ಟು ದಿನ ಒಳಗಿದ್ದಾನೆ
ಅಂತ ಮಾತ್ರ ಕೇಳಬೇಡಿ.
ಅದಕ್ಕೆ ಅರ್ಜಿ ಹಾಕಬೇಕು.

ಆಪಾದನೆ: ಕರಿಮೆಣಸು, ಹನ್ನೊಂದು ಕೇಜಿ.
ತೂಕ ನಮ್ಮ ತಕ್ಕಡಿಯದ್ದೇ.
ತಿಂಗಳೊಳಗೆ ಕೋರ್ಟು ಬಿಡಿ ಅಂದಿತ್ತು,
ಇಪ್ಪತ್ತೈದು ಸಾವಿರದ ಮುಚ್ಚಳಿಕೆ,
ಪಹಣಿ ಇರುವ ಒಬ್ಬ ಜಾಮೀನುದಾರ.
ಪಹಣಿ!
ತಲೆಯ ಮೇಲಿನ ಹಂಚೂ ಅವರದ್ದಲ್ಲ.
ಗೊತ್ತಿದ್ದವರ ಅಂಗಳವೆಲ್ಲ ಹತ್ತಿಳಿದೆ.
"ಮನಸ್ಸಿದೆ ಮಾರಾಯ," ಅಂದರು ಮುದ್ದಯ್ಯ,
"ಜಮ್ಮಾ ಜಾಗ, ಪಹಣಿ ಇನ್ನೂ ಮುತ್ತಜ್ಜನ ಹೆಸರಲ್ಲೇ."
ಮುತ್ತಜ್ಜ ತೀರಿ ಎಪ್ಪತ್ತು ವರ್ಷ.
ಅವರನ್ನು ಕೋರ್ಟಿಗೆ ಕರೆತರುವುದು ಹೇಗೆ?

ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ
ಮಡಿಕೇರಿಯ ಮಾಹಿತಿ ಅಧಿಕಾರಿಯವರಿಗೆ ಬರೆದೆ, ಮೂರೇ ಪ್ರಶ್ನೆ.
ಜಾಮೀನು ಆದೇಶ ಬಂದೂ ಹೊರಗೆ ಬಾರದವರು ಎಷ್ಟು ಮಂದಿ?
ಎಷ್ಟೆಷ್ಟು ದಿನ?
ಅವರಲ್ಲಿ ಲೈನ್ ಮನೆಯವರು ಎಷ್ಟು?

ಇಪ್ಪತ್ತೊಂಬತ್ತನೆಯ ದಿನ ಉತ್ತರ ಬಂತು.
ಒಂದಕ್ಕೆ: ಸದರಿ ಮಾಹಿತಿಯನ್ನು ತಾವು ಕೋರಿರುವ ನಮೂನೆಯಲ್ಲಿ
ನಿರ್ವಹಿಸಿರುವುದಿಲ್ಲ.
ಎರಡಕ್ಕೆ: ಒಂದರಂತೆ.
ಮೂರಕ್ಕೆ: ಅನ್ವಯಿಸುವುದಿಲ್ಲ.
ಜೊತೆಗೆ ನಾನು ಕೇಳದೇ ಇದ್ದ ಒಂದು ಪುಟ,
ವರ್ಷದಲ್ಲಿ ಕೊಂಡ ಕಂಬಳಿ, ಫಿನಾಯಿಲು, ಬೀಗಕ್ಕೆ ಬಿಡುವ ಎಣ್ಣೆ.
ಎಣ್ಣೆಯ ಲೆಕ್ಕ ಮಿಲಿಲೀಟರಿನವರೆಗೂ ಇತ್ತು.

ಮಾಲ್ದಾರೆ ಕಡೆಯ ಸಲಗಕ್ಕೆ ಕತ್ತಿನಲ್ಲಿ ಕಾಲರಿದೆ.
ರಾತ್ರಿ ಯಾರ ಕೆರೆಯ ಬದಿ ನಿಂತಿತ್ತು ಅಂತ
ನನ್ನ ಮೊಬೈಲಿಗೆ ಸಂದೇಶ ಬರುತ್ತದೆ.
ಆನೆಯ ಲೆಕ್ಕ ಬೇಡ ಅನ್ನುತ್ತಿಲ್ಲ ನಾನು.
ಇನ್ನೊಂದು ಕಾಲಂ ಎಳೆಯಲು
ಒಂದು ಸ್ಕೇಲು ಸಾಕಲ್ಲ, ಸ್ವಾಮಿ.

ಮುತ್ತಿ ಬಂದಳು, ಹಣ್ಣು ಕೊಯ್ಯುವ ಚೀಲ ಸೊಂಟದಲ್ಲೇ,
ಆಫೀಸಿನ ಹೊಸ್ತಿಲು ದಾಟದೆ ನಿಂತಳು.
"ರೈಟ್ರೇ, ಲೆಕ್ಕ ಬೇಕಂದ್ರಲ್ಲ."
ಎಲೆಯಡಿಕೆ ಚೀಲದೊಳಗಿಂದ ಬಸ್ಸಿನ ಟಿಕೆಟಿನ ಕಟ್ಟು.
ವಾರಕ್ಕೊಮ್ಮೆ ಮಡಿಕೇರಿ, ಸಂಜೆಗೆ ವಾಪಸು,
ಸರ್ಕಾರದ್ದೇ ಬಸ್ಸು, ಸರ್ಕಾರದ್ದೇ ಚೀಟಿ,
ಹೆಂಗಸರಿಗೆ ಸೊನ್ನೆ ರೂಪಾಯಿ.
ಎಣಿಸಿದೆ. ಎಪ್ಪತ್ತನಾಲ್ಕು.
ಹೋಗಿ ಬಂದದ್ದು ಮೂವತ್ತೇಳು ಸಲ.
ಬೆವರಿಗೋ ಸುಣ್ಣಕ್ಕೋ ಅಕ್ಷರ ಹಾರಿಹೋಗಿ
ಮುಕ್ಕಾಲು ಪಾಲು ಬರೀ ಬಿಳಿ.

ಆಮೇಲೆ ನನ್ನ ಚೆಕ್ ರೋಲು ತೆಗೆದೆ.
ಮಾರ್ಚ್ ಹದಿನಾರು, ಜೀಪು ಬಂದ ದಿನ.
ಗೈರುಹಾಜರಿಯ ಗುರುತನ್ನೂ ಹಾಕಿರಲಿಲ್ಲ ನಾನು.
ಸ್ಕೇಲಿಟ್ಟು ಕೆಂಪು ಗೆರೆ, ತೋಲನ ಹೆಸರಿನ ಮೇಲೆ, ನೇರ.
ಹಾಗೆ ಮಾಡು ಅಂತ ಯಾರೂ ಹೇಳಿರಲಿಲ್ಲ,
ಸಾವ್ಕಾರ್ರು ಕೂಡ.
ಅಲ್ಲಿಂದ ಮುಂದಿನ ಮನೆಗಳೆಲ್ಲ ಖಾಲಿ.
ಕೆಳಗೆ ನನ್ನ ಸಹಿ.

ಈಗ ಮೇಲ್ಮನವಿ ಬರೆಯುತ್ತಿದ್ದೇನೆ.
ಅನುಬಂಧ ಒಂದು: ಟಿಕೆಟುಗಳ ಜೆರಾಕ್ಸು.
ಅಂಗಡಿಯ ಹುಡುಗ ಗಾಜಿನ ಮೇಲೆ ಸಾಲಾಗಿ ಜೋಡಿಸಿ
"ಏನೂ ಬರೂದಿಲ್ಲ ಸಾರ್, ಬಿಳೀ ಹಾಳೆ ಬರ್ತದೆ" ಅಂದ.
ಬರಲಿ, ಎರಡು ಪ್ರತಿ ತೆಗಿ ಅಂದೆ.
ಅನುಬಂಧ ಎರಡು: ಚೆಕ್ ರೋಲಿನ ಆ ಪುಟ.
ಅದನ್ನು ಕಲರಿನಲ್ಲೇ ತೆಗೆಸಿದೆ, ಹತ್ತು ರೂಪಾಯಿ ಹೆಚ್ಚು,
ಗೆರೆ ಕೆಂಪಾಗಿಯೇ ಕಾಣಲಿ ಅಂತ.

ಬೆಳಗ್ಗೆ ಎಂಟು ಗಂಟೆ. ಡಿಸೆಂಬರಿನ ಬಿಸಿಲು.
ಮಳೆಯ ಗಾಜು ಒಣಗಿದೆ, ತಳದಲ್ಲಿ ಒಂದು ಇರುವೆ.
ಆದರೂ ಪುಸ್ತಕ ಬಿಡಿಸಿ, ತಾರೀಕು ಹಾಕಿ, ಬರೆಯುತ್ತೇನೆ:
ಸೊನ್ನೆ ಇಂಚು, ಸೊನ್ನೆ ಸೆಂಟು.