ನಾಲ್ಕನೇ ಮಹಡಿಯ ಕುರ್ಚಿ

ಟಿಬಿಲಿಸಿಯ ನಮ್ಮ ಕಟ್ಟಡದ ಲಿಫ್ಟು ಕಾಸು ಕೇಳುತ್ತದೆ.
ಚಿಲ್ಲರೆ ನುಂಗದೆ ಮೇಲೇಳದ ಹಟಮಾರಿ.
ಅದು ಕೆಟ್ಟು ಕೂತ ಫೆಬ್ರವರಿಯಲ್ಲೇ ಗೊತ್ತಾದದ್ದು:
ಎಂಟನೇ ಮಹಡಿಯ ಒತಾರ್, ಮೆಟ್ರೋ ಓಡಿಸಿ ನಿವೃತ್ತನಾದವ,
ಇಷ್ಟು ದಿನ ತನ್ನ ಉಸಿರನ್ನು
ಬಿಡಿಗಾಸಿಗೆ ಕೊಳ್ಳುತ್ತಿದ್ದ.

ನಾನಿರುವುದು ನಾಲ್ಕರಲ್ಲಿ. ಹೊಲಿಗೆ ಯಂತ್ರ ನಿಲ್ಲಿಸಿದರೆ
ಅವನು ಹತ್ತುವುದು ಕೇಳಿಸುತ್ತದೆ.
ಮೊದಲು ಕೆಮ್ಮು, ಆಮೇಲೆ ಚೀಲ, ಕೊನೆಗೆ ಮನುಷ್ಯ.
ನನ್ನ ಬಾಗಿಲೆದುರು ನಿಂತು ಕರೆಂಟಿನ ಮೀಟರು ಓದುತ್ತಾನೆ,
ನನ್ನ ಮೀಟರು, ದಿನಕ್ಕೆರಡು ಸಲ.
ಬೆಕ್ಕಿನ ಕ್ಷೇಮ ಕೇಳುತ್ತಾನೆ.
ಬೆಕ್ಕು ಸತ್ತು ವರ್ಷವಾಯಿತೆಂದು ಅವನಿಗೂ ಗೊತ್ತು.

ಮೆಟ್ಟಿಲಿಗೊಬ್ಬ ವೈದ್ಯ ನಮ್ಮಲ್ಲಿ.
ಸಕ್ಕರೆ ಕಡ ಕೊಡುವಂತೆ ತಂತಮ್ಮ ಕಾಯಿಲೆ ಕೊಟ್ಟರು:
ಸಿಗರೇಟು, ಎಂದಳು ಐದರ ಲಮಾರಾ
ಕಿಟಕಿಯಾಚೆ ಹೊಗೆ ಬಿಡುತ್ತ.
ಝುರಾ ತನ್ನ ಆಸ್ತಮಾದ ಪಂಪನ್ನೇ ಚಾಚಿದ.
ರಕ್ತ ಕಮ್ಮಿಯಾದರೂ ಹೀಗೇ, ಬಸಿರಲ್ಲಿ ತನಗಾಗಿತ್ತೆಂದು
ಏತೆರಿ ಬೀಟ್‌ರೂಟು ಕಟ್ಟಿಕೊಟ್ಟಳು.
ದಿಗಿಲು ಅಷ್ಟೆ, ಗಂಡ ಹೋದಾಗ ನನಗೂ ಎದೆ ಬಿಗಿದಿತ್ತು
ಎಂದದ್ದು ನಾನೇ.
ಯಾವುದೂ ಸುಳ್ಳಲ್ಲ. ಯಾವುದೂ ಅವನದಲ್ಲ.
ವಯಸ್ಸು, ಎಂದು ಒತಾರ್ ಚೀಲ ಎತ್ತಿಕೊಂಡ.

ಒಂದು ಗುರುವಾರ ದಿಂಬಿನ ಗವಸು ಹೊಲಿಸಲು ಬಂದ.
ಎಷ್ಟು?
ಮೂರು.
ಒಂಟಿ ಜೀವಕ್ಕೆ ಮೂರು ದಿಂಬೇ?
ಚಪ್ಪಟೆ ಮಲಗಿದರೆ ಮುಳುಗಿದ ಹಾಗಾಗುತ್ತೆ, ಎಂದ,
ಗೋಡೆಯ ಕಡೆ ನಗುತ್ತ.
ಬಿದ್ದ ಟೇಪು ಎತ್ತಲು ಬಗ್ಗಿದವಳಿಗೆ ಕಂಡದ್ದು ಅವನ ಕಣಕಾಲು:
ಕಾಲುಚೀಲದಂಚು ಕೊರೆದ ಗೀರು,
ನಾದಿದ ಹಿಟ್ಟಿಗೆ ದಾರ ಬಿಗಿದಂತೆ.
ನಾಳೆ ಡಾಕ್ಟರ ಹತ್ತಿರ, ಎಂದೆ.
ಲಿಫ್ಟು ಸರಿಯಾಗಲಿ, ಎಂದ.

ಆ ರಾತ್ರಿಯೇ ಬಾಗಿಲು ಬಡಿದ.
ಮಕ್ವಾಲಾ ಎನ್ನಬೇಕಿತ್ತು, ಮಕ್ ಎಂದ.
ನನ್ನ ಹೆಸರಿನ ಉಳಿದರ್ಧಕ್ಕೆ ಅವನಲ್ಲಿ ಗಾಳಿಯಿರಲಿಲ್ಲ.
ತುಟಿ, ಬಟ್ಟೆಗೆ ಗುರುತು ಹಾಕುವ ನನ್ನ ಸುಣ್ಣದ ನೀಲಿ.
ಇನ್ನು ಬೀಟ್‌ರೂಟಿಲ್ಲ, ಪಂಪಿಲ್ಲ, ನಾಳೆಯೂ ಇಲ್ಲ.
ಒಂದು ಒಂದು ಎರಡು ಒತ್ತಿದೆ.
ಮಲಗಿಸಬೇಡಿ, ಕೂರಿಸಿ, ಎಂದಿತು ಫೋನಿನೊಳಗಿನ ಹೆಣ್ಣುದನಿ.
ಹೊಲಿಗೆಯ ಕುರ್ಚಿ ಹೊರಗೆಳೆದೆ.
ಆಂಬುಲೆನ್ಸಿನ ಹುಡುಗರು ಸಿಲಿಂಡರು ಹೊತ್ತು ನಾಲ್ಕು ಮಹಡಿ ಹತ್ತಿ
ತಾವೇ ಏದುಸಿರು ಬಿಡುತ್ತ ಅವನಿಗೆ ಆಮ್ಲಜನಕ ತೊಡಿಸಿದರು.
ಅವರದು ಎರಡು ನಿಮಿಷಕ್ಕೆ ಇಳಿಯಿತು.
ಹತ್ತಿದವರ ಉಸಿರು ಇಳಿಯುತ್ತದೆ.
ಕೂತರೂ ಇಳಿಯದ್ದನ್ನು
ನಾನು ಇಡೀ ಫೆಬ್ರವರಿ ಬಾಗಿಲ ಸಂದಿಯಿಂದ ಕೇಳಿದ್ದೆ.

ಹೃದಯವಂತೆ. ಅದು ಸೋತು
ಪುಪ್ಪುಸದಲ್ಲಿ ನೀರು ನಿಂತಿತ್ತಂತೆ.
ಮಾರ್ಚಿ ಕೊನೆಗೆ ವಾಪಸು ಬಂದ,
ಮಾತ್ರೆ ಡಬ್ಬಿ, ದಿನದಿನದ ತೂಕ ಬರೆಯಲು ಚೀಟಿ.
ಎರಡು ಗವಸು ಹಿಂದಿರುಗಿಸಿದ, ಹಣ ಕೇಳಲಿಲ್ಲ.

ಲಿಫ್ಟು ಮತ್ತೆ ಕಾಸು ನುಂಗುತ್ತಿದೆ.
ಕುರ್ಚಿಯನ್ನು ಮಾತ್ರ ನಾನು ಒಳಗೆ ತಂದಿಲ್ಲ.
ನಿನ್ನೆ ಅದರಲ್ಲಿ ಲಮಾರಾ ಕೂತಿದ್ದಳು,
ಮಡಿಲಲ್ಲಿ ಬ್ರೆಡ್ಡು.
ನಿನ್ನ ಮೀಟರು ನೋಡುತ್ತಿದ್ದೆ, ಎಂದಳು.
ಇರಲಿ, ಎಂದೆ.
ದಿಂಬೆಷ್ಟು?