ಎದೆಯ ಮುಚ್ಚಳ

ನಮ್ಮ ಹೈಸ್ಕೂಲಿನ ಕಪಾಟಿನಲ್ಲಿ
ಸೊಂಟದವರೆಗಿನ ಒಬ್ಬ ಮನುಷ್ಯ.
ಕೈಯಿಲ್ಲ, ಕಾಲಿಲ್ಲ, ಒಂದೇ ಕಣ್ಣಿಗೆ ರೆಪ್ಪೆ.
ಕೊನೆಯ ಪಿರಿಯಡ್ ಮುಗಿದು ಮಕ್ಕಳು
ಮಾಣಿಕಟ್ಟೆಯ ಬಸ್ಸಿಗೆ ಓಡಿದ ಮೇಲೆ
ಮೇಜಿನ ತುಂಬ ಅವನ ಒಳಗು.

ಅದನ್ನು ಕೂಡಿಸುವವ ಹಮ್ಮಣ್ಣ ಪಟಗಾರ.
ಗಂಟೆ ಹೊಡೆಯುವುದು, ಬಿಸಿಯೂಟದ ಅಕ್ಕಿ ಅಳೆಯುವುದು, ಆಮೇಲೆ ಇದು.
ಹತ್ತೊಂಬತ್ತು ವರ್ಷ.
ಮೊದಲು ಮೂತ್ರಪಿಂಡ, ಬೆನ್ನಿಗೆ ತಾಗಿಸಿ,
ಬಲದ್ದು ಒಂದು ಬೆರಳು ಕೆಳಗೆ.
"ಮೇಲೆ ಆ ದೊಡ್ಡ ಯಕೃತ್ತು ಕೂತದೆ, ಜಾಗ ಬೇಕಲ್ರ ಅಕ್ಕೋರೇ.
ಇವು ಸಾಣಿಕಟ್ಟೆ ಆಗರದ ಆಳುಗಳು.
ನೀರು ಬೇರೆ, ಉಪ್ಪು ಬೇರೆ. ರಾತ್ರಿಯೂ ರಜೆಯಿಲ್ಲ."
ಆಮೇಲೆ ಒಂದೇ ಮುದ್ದೆ ಕರುಳು, ಜಠರ.
ಗುಲ್ಮ ಯಾವಾಗಲೋ ಕಳೆದು
ಅದರ ಜಾಗಕ್ಕೆ ಅವನೇ ಕೆತ್ತಿದ ಹೊನ್ನೆಮರದ ತುಂಡು.
"ಹೊನ್ನೆ ಕಡಿದ್ರೆ ನೆತ್ರು ಬತ್ತದೆ, ಅದ್ಕೇ."
ಇನ್‌ಸ್ಪೆಕ್ಟರಿಗೂ ಗೊತ್ತಾಗಲಿಲ್ಲ.

ಹೃದಯದ ಸರದಿ ಬಂದಾಗ ತಡ ಮಾಡುತ್ತಾನೆ.
ಎರಡು ಹೋಳು ಬಿಡಿಸಿ ಕವಾಟಕ್ಕೆ ಉಗುರು ತಾಗಿಸುತ್ತಾನೆ.
ಅವನ ಅಪ್ಪ ಗಜನಿಯ ಜಂತ್ರ ಕಾಯುತ್ತಿದ್ದ.
"ಭರತದ ನೀರು ನೂಕಿದ್ರೆ ಹಲಗೆ ತಾನೇ ಮುಚ್ಕಂತದೆ,
ಇಳಿತಕ್ಕೆ ತಾನೇ ತೆರ್ಕಂತದೆ.
ಹೊಳೆ ಒಳಗೆ ಬರೂಕಾಗ, ಗದ್ದೆ ನೀರು ಹೊರಗೆ ಹೋಗ್ಬೇಕು.
ಅಷ್ಟೇ."
ನಾನು ಬರೆಸುತ್ತಿದ್ದದ್ದು:
ರಕ್ತದ ಹಿಮ್ಮುಖ ಹರಿವನ್ನು ತಡೆಯುವ ರಚನೆಗಳೇ ಕವಾಟಗಳು.
ಎರಡು ಅಂಕ.

ಈ ಸಲ ಆಷಾಢದಲ್ಲಿ
ಗಂಟೆಗೂ ಗಂಟೆಗೂ ನಡುವೆ ಅವನು ಗೋಡೆ ಹಿಡಿದ.
ಕಾರವಾರದ ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋದೆ.
ಕತ್ತಲ ಕೋಣೆ, ಎದೆಗೆ ತಣ್ಣಗಿನ ಜೆಲ್ಲು,
ಪರದೆಯಲ್ಲಿ ನೀಲಿ, ನೀಲಿಯ ಹಿಂದೆ ತಿರುಗಿ ಬರುವ ಕೆಂಪು.
ಸಣ್ಣ ಪ್ರಾಯದ ಡಾಕ್ಟರು, ಹೇಗೆ ಹೇಳುವುದೆಂದು
ಮಾತು ಹುಡುಕುತ್ತಿದ್ದರು.
ಇವನೇ ಅಂದ: "ಹಲಗೆ ಸೋರ್ತದೆ."
ಡಾಕ್ಟರು ಕೈ ನಿಲ್ಲಿಸಿದರು.
"ಉಪ್ಪುನೀರು ಎಲ್ಲಿವರೆಗೆ ಬಂದದೆ?"
ಅವರು ನನ್ನ ಮುಖ ನೋಡಿದರು, ಅವನ ಮುಖ ನೋಡಿದರು.
"ಶ್ವಾಸಕೋಶದ ತನಕ."

ಮರಳುವಾಗ ಗಂಗಾವಳಿ ಸೇತುವೆಯ ಮೇಲೆ ಬಸ್ಸು ನಿಧಾನವಾಯಿತು.
ಅಪ್ಪ ನಡುರಾತ್ರಿ ಕಟ್ಟೆಯ ಮೇಲೆ ಮಲಗಿ
ಕಿವಿ ನೆಲಕ್ಕಿಟ್ಟು ಸೋರುವ ಸದ್ದು ಕೇಳುತ್ತಿದ್ದನಂತೆ,
ಹುಲ್ಲು, ಕೆಸರು, ಹರಿದ ಗೋಣಿ, ಕೈಗೆ ಸಿಕ್ಕಿದ್ದನ್ನು ತುರುಕುತ್ತಿದ್ದನಂತೆ.
ಬಹಳ ಹೊತ್ತಿನ ಮೇಲೆ, ಕಿಟಕಿಯ ಕಡೆಗೆ:
"ಕಗ್ಗ ಸ್ವಲ್ಪ ಉಪ್ಪು ತಾಳ್ತದೆ ಅಕ್ಕೋರೇ."

ಅವನನ್ನು ಹುಬ್ಬಳ್ಳಿಗೆ ಕಳಿಸಿದ ವಾರ
ಮೇಜಿನ ಮೇಲಿನದನ್ನೆಲ್ಲ ನಾನು ಕೂಡಿಸಿದೆ.
ಬಿಎಡ್ ಇದೆ, ಎಮ್ಮೆಸ್ಸಿ ಇದೆ,
ಎದೆಯ ಮುಚ್ಚಳ ಕೂರಲಿಲ್ಲ.
ಎಲ್ಲ ಹೊರತೆಗೆದು
ಮತ್ತೆ ಬೆನ್ನಿನಿಂದ ಶುರು ಮಾಡಿದೆ,
ಬಲದ್ದು ಒಂದು ಬೆರಳು ಕೆಳಗೆ.
ಹೃದಯ ಎಷ್ಟು ಹಗುರ, ಒಣ ಗರಟೆಯ ಹಾಗೆ,
ಅವನ ಬೆರಳು ತಾಗಿ ತಾಗಿ ಒಂದು ಕಡೆ ಬಣ್ಣ ಹೋಗಿದೆ.

ಹೊರಗೆ ಯಾರೋ ಹುಡುಗ ಸಂಜೆಯ ಗಂಟೆ ಹೊಡೆದ.
ಒಂದು ಹೊಡೆತ ಹೆಚ್ಚು.